ಡೀಪ್ ಕ್ಲೀನಿಂಗ್‌ಗೆ ಮುನ್ನ ಒಸಡಿನ ಅಳತೆ ಕೇಳಿ

ಹಲ್ಲು ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ, ಸಂದು ಬೀಳುತ್ತದೆ, ಆಮೇಲೆ ಒಂದೊಂದಾಗಿ ಉದುರುತ್ತದೆ ಎಂಬ ಭಯ ನಮ್ಮಲ್ಲಿ ಆಳವಾಗಿ ಬೇರೂರಿದೆ. ಮದುವೆ ಮನೆಯಲ್ಲಿ ಒಸಡಿನ ಮಾತು ಬಂದರೆ ಸಾಕು, ಯಾರಾದರೊಬ್ಬರು ತಮ್ಮ ಭಾವನದೋ ಚಿಕ್ಕಪ್ಪನದೋ ಉದಾಹರಣೆ ಕೊಟ್ಟೇ ಕೊಡುತ್ತಾರೆ. ಈ ಭಯದಿಂದ ದಂತವೈದ್ಯರ ಬಳಿ ಹೋಗದೆ, ಉಳಿಸಿಕೊಳ್ಳಬಹುದಾಗಿದ್ದ ಹಲ್ಲುಗಳನ್ನು ಕಳೆದುಕೊಂಡವರು ನಮ್ಮ ಬಂಧುಗಳಲ್ಲೇ ಇದ್ದಾರೆ. ಅದಕ್ಕಾಗಿಯೇ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಒಸಡಿನ ಕಾಯಿಲೆಗೆ ಡೀಪ್ ಕ್ಲೀನಿಂಗ್, ಅಂದರೆ ಒಸಡಿನ ಕೆಳಗಿನ ಬೇರಿನವರೆಗೂ ಸ್ವಚ್ಛಗೊಳಿಸುವುದು, ಒಳ್ಳೆಯ ಚಿಕಿತ್ಸೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಶುರು ಮಾಡುವ ಮುನ್ನ ಒಮ್ಮೆ, ಮುಗಿದು ಕೆಲವು ವಾರಗಳಾದ ಮೇಲೆ ಇನ್ನೊಮ್ಮೆ ಒಸಡನ್ನು ಅಳೆದು ಬರೆದಿಡದ ಕ್ಲೀನಿಂಗನ್ನು ಪೂರ್ಣ ಚಿಕಿತ್ಸೆಯೆಂದು ರೋಗಿ ಒಪ್ಪಿಕೊಳ್ಳಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಳೆಯುವುದು ಏನನ್ನು ಎಂದು ಮೊದಲು ಹೇಳಬೇಕು. ಹಲ್ಲಿಗೂ ಅದನ್ನು ಸುತ್ತುವರಿದ ಒಸಡಿಗೂ ನಡುವೆ ಕಿರಿದಾದ ಸಂದು ಇರುತ್ತದೆ. ಆರೋಗ್ಯವಂತರಲ್ಲಿ ಅದರ ಆಳ 1ರಿಂದ 3 ಮಿಲಿಮೀಟರ್. ಅಲ್ಲಿ ಕೂತ ಪಾಚಿಯನ್ನು, ಅಂದರೆ ಬ್ಯಾಕ್ಟೀರಿಯಾಗಳ ಅಂಟು ಪದರವನ್ನು, ದಿನವೂ ತೆಗೆಯದಿದ್ದರೆ ಅದು ಜೊಲ್ಲಿನಲ್ಲೂ ಒಸಡಿನ ದ್ರವದಲ್ಲೂ ಇರುವ ಲವಣಗಳನ್ನು ಹೀರಿ ಕಿಟ್ಟವಾಗಿ ಗಟ್ಟಿಯಾಗುತ್ತದೆ, ಅದರ ಒರಟು ಮೈ ಮೇಲೆ ಮತ್ತಷ್ಟು ಪಾಚಿ ಕೂರುತ್ತದೆ. ಈ ಬ್ಯಾಕ್ಟೀರಿಯಾಗಳ ವಿರುದ್ಧ ದೇಹ ನಡೆಸುವ ಹೋರಾಟದಲ್ಲೇ ಹಲ್ಲನ್ನು ಹಿಡಿದಿಟ್ಟಿರುವ ಎಲುಬು ಕರಗುತ್ತಾ ಹೋಗಿ, ಸಂದು ಆಳವಾಗಿ, ವೈದ್ಯರು ಪಾಕೆಟ್ ಎಂದು ಕರೆಯುವ ಸ್ಥಿತಿಗೆ ಬರುತ್ತದೆ. ನಾಲ್ಕು ಮಿಲಿಮೀಟರ್ ದಾಟಿದ ಪಾಕೆಟ್ಟಿನ ತಳವನ್ನು ಯಾವ ಬ್ರಷ್ಷೂ ಮುಟ್ಟಲಾರದು. ಇಷ್ಟೆಲ್ಲ ನಡೆಯುವಾಗ ನೋವು ಬಹುತೇಕ ಇರುವುದಿಲ್ಲ, ಹುಳುಕು ಹಲ್ಲಿನಂತೆ ಇದು ರಾತ್ರಿ ಎಬ್ಬಿಸಿ ಕೂರಿಸುವುದಿಲ್ಲ. ಬ್ರಷ್ ಮಾಡುವಾಗ ರಕ್ತ, ಬಾಯಿ ವಾಸನೆ, ಇಷ್ಟೇ ಸೂಚನೆ. ಬೀಡಿ ಸಿಗರೇಟು ಸೇದುವವರಲ್ಲಿ ಆ ರಕ್ತವೂ ಕಡಿಮೆ ಕಾಣಿಸುತ್ತದೆ, ಕಾಯಿಲೆ ಮಾತ್ರ ಇನ್ನೂ ಜೋರಾಗಿರುತ್ತದೆ.

ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹರಾಲ್ಡ್ ಲ್ಯೊ ಮತ್ತು ಸಂಗಡಿಗರು 1965ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಸಡು ಚೆನ್ನಾಗಿದ್ದ 12 ಮಂದಿ ಹಲ್ಲುಜ್ಜುವುದನ್ನು ನಿಲ್ಲಿಸಿದರು. ಅವರಲ್ಲಿ ಹೆಚ್ಚಿನವರು ದಂತವೈದ್ಯಕೀಯ ವಿದ್ಯಾರ್ಥಿಗಳು. ಹತ್ತರಿಂದ ಇಪ್ಪತ್ತೊಂದು ದಿನದೊಳಗೆ ಎಲ್ಲರ ಒಸಡೂ ಊದಿಕೊಂಡಿತು, ಮತ್ತೆ ಉಜ್ಜತೊಡಗಿದಾಗ ಸರಿಹೋಯಿತು. ಅದೇ ವಿಜ್ಞಾನಿ ಮುಂದೆ ಶ್ರೀಲಂಕಾದ ಚಹಾ ತೋಟಗಳ 480 ತಮಿಳು ಕಾರ್ಮಿಕರನ್ನು 1970ರಿಂದ 15 ವರ್ಷಗಳ ಕಾಲ ಗಮನಿಸಿದರು. ಅವರಿಗೆ ಬ್ರಷ್ಷಿನ ಅಭ್ಯಾಸವಿರಲಿಲ್ಲ, ದಂತವೈದ್ಯರ ಸೌಲಭ್ಯವೂ ಇರಲಿಲ್ಲ. ಎಲ್ಲರ ಬಾಯಲ್ಲೂ ಪಾಚಿ ಕಿಟ್ಟ ಧಾರಾಳವಾಗಿತ್ತು. ಆದರೂ ಶೇ. 8ರಷ್ಟು ಮಂದಿಯಲ್ಲಿ ಕಾಯಿಲೆ ವೇಗವಾಗಿ ಮುಂದುವರಿಯಿತು, ಶೇ. 81ರಷ್ಟು ಮಂದಿಯಲ್ಲಿ ಮಧ್ಯಮ ಗತಿಯಲ್ಲಿ ಸಾಗಿತು, ಶೇ. 11ರಷ್ಟು ಮಂದಿಯಲ್ಲಿ ಒಸಡಿನ ಊತದಾಚೆಗೆ ಹೋಗಲೇ ಇಲ್ಲ. ಬೇವಿನ ಕಡ್ಡಿಯಲ್ಲಿ ಉಜ್ಜಿದ ನಮ್ಮಜ್ಜನಿಗೆ ಎಂಬತ್ತರಲ್ಲೂ ಎಲ್ಲಾ ಹಲ್ಲು ಇದ್ದವು ಎನ್ನುವವರು ಆ ಹನ್ನೊಂದರ ಗುಂಪಿನವರ ಬಗ್ಗೆ ಹೇಳುತ್ತಿರಬಹುದು. ಅಜ್ಜನ ಬಾಯಿಂದ ಮೊಮ್ಮಗನ ಬಾಯನ್ನು ಊಹಿಸಲಾಗದು, ಪ್ರತಿಯೊಬ್ಬರ ಬಾಯನ್ನೂ ಬೇರೆಯಾಗಿಯೇ ಅಳೆಯಬೇಕು.

ಅಳೆಯುವ ಕೆಲಸ ಸರಳ. ಮಿಲಿಮೀಟರ್ ಗುರುತುಗಳಿರುವ, ತುದಿ ಮೊಂಡಾದ ತೆಳ್ಳನೆಯ ಕಡ್ಡಿಯನ್ನು ಒಸಡಿನಂಚಿನಲ್ಲಿ ಹಗುರವಾಗಿ ಇಳಿಸುತ್ತಾರೆ, ಒಂದು ಹಲ್ಲಿಗೆ ಆರು ಜಾಗಗಳಲ್ಲಿ. ನನ್ನ ತಾಯಿಯವರಿಗೆ ಹೀಗೆ ಅಳೆಯುವಾಗ ನಾನು ಪಕ್ಕದಲ್ಲಿದ್ದೆ. ವೈದ್ಯರು "ಮೂರು, ಎರಡು, ಆರು" ಎನ್ನುತ್ತಾ ಹೋದಂತೆ ಸಹಾಯಕಿ ಹಲ್ಲಿನ ಚಿತ್ರವಿದ್ದ ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದರು, ರಕ್ತ ಬಂದ ಕಡೆ ಕೆಂಪು ಚುಕ್ಕೆ ಇಡುತ್ತಿದ್ದರು. ಕೊನೆಗೆ ಆ ಹಾಳೆಯನ್ನೂ ಎಕ್ಸ್‌ರೇಯನ್ನೂ ಪಕ್ಕಪಕ್ಕ ಹಿಡಿದು, ಎಲುಬು ಎಲ್ಲಿರಬೇಕಿತ್ತು, ಈಗ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿದರು. ಕ್ಲೀನಿಂಗ್ ಆದ ಮೇಲೆ ಹಲ್ಲುಗಳ ನಡುವೆ ಸಂದು ಕಾಣುತ್ತದೆ, ತಣ್ಣೀರು ಕುಡಿದರೆ ಜುಮ್ ಎನ್ನುತ್ತದೆ ಎಂಬುದನ್ನೂ ಮೊದಲೇ ಹೇಳಿದರು.

ಅವರು ಹೇಳಿದಂತೆಯೇ ಆಯಿತು. ಅಮ್ಮನ ಕೆಳಗಿನ ಮುಂಬಲ್ಲುಗಳ ಒಳಬದಿಯಲ್ಲಿ, ನಾಲಿಗೆಯಡಿಯ ಜೊಲ್ಲಿನ ನಾಳಗಳು ತೆರೆದುಕೊಳ್ಳುವ ಕಡೆಯೇ, ಕಿಟ್ಟ ಹಲ್ಲಿನಿಂದ ಹಲ್ಲಿಗೆ ಸೇತುವೆ ಕಟ್ಟಿಕೊಂಡಿತ್ತು. ಅದು ಹೋದ ಮೇಲೆ ನಾಲಿಗೆಗೆ ಸಂದುಗಳು ಸಿಗತೊಡಗಿದವು, ಊತ ಇಳಿದು ಒಸಡು ಕೆಳಗೆ ಸರಿದಂತೆ ಹಲ್ಲಿನ ಬೇರಿನ ಹಳದಿ ಭಾಗ ಸ್ವಲ್ಪ ಕಾಣಿಸಿತು. ಮನೆಗೆ ಬಂದ ಅತ್ತೆ "ಸುಮ್ಮನಿದ್ದ ಹಲ್ಲನ್ನ ಕೆರೆಸಿಕೊಂಡು ಬಂದಿದೀಯಲ್ಲ ಅತ್ತಿಗೆ" ಎಂದು ಮರುಗಿದರು. ಅಮ್ಮ ಆ ಹಾಳೆಯನ್ನು ತಂದು ತೋರಿಸಿದರು. ಸಂದು ಕ್ಲೀನಿಂಗ್‌ನಿಂದ ಬಿದ್ದದ್ದಲ್ಲ, ಎಲುಬು ಕರಗಿದ ಜಾಗವನ್ನು ಇಷ್ಟು ವರ್ಷ ಕಿಟ್ಟವೂ ಊದಿದ ಒಸಡೂ ಮುಚ್ಚಿಟ್ಟಿದ್ದವು. ಇಷ್ಟನ್ನು ಮೊದಲೇ ತಿಳಿಸಿ ಹೇಳಲು ದಂತವೈದ್ಯರಿಗೆ ಐದು ನಿಮಿಷ ಸಾಕು. ಎಷ್ಟೋ ಕಡೆ ಆ ಐದು ನಿಮಿಷ ಸಿಗದಿರುವುದರಿಂದಲೇ ಹಲ್ಲು ಸಡಿಲವಾಗುತ್ತದೆಂಬ ಮಾತು ಇಂದಿಗೂ ಸಾಯದೆ ಉಳಿದಿದೆ.

ಮಾಮೂಲಿ ಸ್ಕೇಲಿಂಗ್ ಕಣ್ಣಿಗೆ ಕಾಣುವ ಭಾಗದ ಕಿಟ್ಟವನ್ನು ತೆಗೆಯುತ್ತದೆ, ಡೀಪ್ ಕ್ಲೀನಿಂಗ್ ಒಸಡಿನ ಕೆಳಗಿಳಿದು ಬೇರಿನ ಮೈಯನ್ನು ಸ್ವಚ್ಛಗೊಳಿಸುತ್ತದೆ. ಅದಕ್ಕಾಗಿ ಆ ಭಾಗಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ, ಬಾಯಿಯ ಒಂದು ಭಾಗವನ್ನೋ ಅರ್ಧವನ್ನೋ ಒಮ್ಮೆಗೆ ಮುಗಿಸುತ್ತಾರೆ. ನೀರು ಚಿಮ್ಮಿಸುತ್ತಾ ಕಂಪಿಸುವ ಅಲ್ಟ್ರಾಸಾನಿಕ್ ಯಂತ್ರ ಬಹುಪಾಲು ಕೆಲಸ ಮಾಡುತ್ತದೆ. ಉಳಿದದ್ದನ್ನು ಕ್ಯುರೆಟ್ ಎಂಬ ಬಾಗಿದ ಅಲಗಿನ ಉಪಕರಣದಿಂದ ಕೈಯಲ್ಲೇ ತೆಗೆಯುತ್ತಾರೆ, ಹಲ್ಲಿನ ಒಂದೊಂದು ಮೈಗೂ ಒಗ್ಗುವಂತೆ ಅದರ ಬಾಗು ಬೇರೆ ಬೇರೆ ಇರುತ್ತದೆ. ಪಾಕೆಟ್ಟಿನೊಳಗೆ ಕಣ್ಣಿಗೆ ಏನೂ ಕಾಣದಿರುವುದರಿಂದ, ಒರಟು ಹೋಗಿ ನುಣುಪಾಯಿತೇ ಎಂಬುದನ್ನು ವೈದ್ಯರ ಬೆರಳ ತುದಿಯೇ ಹೇಳಬೇಕು. ಬೇರಿನ ಮೇಲ್ಪದರವನ್ನೇ ಕೆರೆದು ತೆಗೆಯಬೇಕೆಂಬ ಹಳೆಯ ಪದ್ಧತಿ ಈಗಿಲ್ಲ, ಕಿಟ್ಟವೂ ಪಾಚಿಯೂ ಹೋದರೆ ಸಾಕೆಂಬುದು ಇಂದಿನ ತಿಳಿವಳಿಕೆ. ಅವಸರದಲ್ಲಿ ಆಗುವ ಕೆಲಸ ಇದಲ್ಲ. ಇಡೀ ಬಾಯಿಯ ಡೀಪ್ ಕ್ಲೀನಿಂಗನ್ನು ಅರ್ಧ ಗಂಟೆಯಲ್ಲಿ ಮುಗಿಸಿಕೊಡುತ್ತೇವೆ ಎಂದರೆ ನಾನಂತೂ ನಂಬುವುದಿಲ್ಲ.

ಅಳತೆ ಇನ್ನೊಂದು ರೀತಿಯಲ್ಲೂ ರೋಗಿಯನ್ನು ಕಾಯುತ್ತದೆ. ಪಾಕೆಟ್ಟುಗಳಿಲ್ಲದೆ ಬರೀ ಒಸಡು ಊದಿದವರಿಗೆ ಮಾಮೂಲಿ ಸ್ಕೇಲಿಂಗ್ ಮತ್ತು ಸರಿಯಾದ ಬ್ರಷ್ಷಿಂಗ್ ಸಾಕು. ಅಂಥವರಿಗೂ ದುಬಾರಿ ಡೀಪ್ ಕ್ಲೀನಿಂಗ್ ಹೇಳಿದ್ದನ್ನು ನನ್ನ ಪರಿಚಯದಲ್ಲೇ ಕಂಡಿದ್ದೇನೆ. ಯಾವ ಹಲ್ಲಿನಲ್ಲಿ ಎಷ್ಟು ಮಿಲಿಮೀಟರ್ ಇದೆ ಎಂದು ಕೇಳಿದಾಗ ಅಲ್ಲಿ ಉತ್ತರವಿರಲಿಲ್ಲ. ಕೇಳುವುದು ಅವಿಧೇಯತೆಯಲ್ಲ. ದಂತವೈದ್ಯಕೀಯ ಕಾಲೇಜುಗಳ ಒಸಡಿನ ವಿಭಾಗಗಳಲ್ಲಿ ಪಾಕೆಟ್ ಅಳೆದು ಬರೆಯುವುದು ಕಲಿಕೆಯ ಭಾಗವೇ ಆಗಿದೆ, ಖರ್ಚೂ ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್ಕಿಗಿಂತ ಕಡಿಮೆ. ಸಮಯವಿದ್ದವರಿಗೆ ನಾನು ಅಲ್ಲಿಗೇ ಹೋಗಿ ಎನ್ನುತ್ತೇನೆ. ಹೋಗುವಾಗ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮತ್ತು ಹೃದಯದ ವಾಲ್ವ್ ಬದಲಿಸಿಕೊಂಡವರು ಅದನ್ನು ಮೊದಲೇ ತಿಳಿಸಬೇಕು. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು.

ಚಿಕಿತ್ಸೆ ಮುಗಿದ ಆರರಿಂದ ಹನ್ನೆರಡು ವಾರಗಳಲ್ಲಿ ಮತ್ತೆ ಅಳೆಯಬೇಕು. ನಮ್ಮವರು ತಪ್ಪಿಸಿಕೊಳ್ಳುವುದು ಇಲ್ಲೇ. ರಕ್ತ ನಿಂತಿತಲ್ಲ, ಇನ್ನೇಕೆ ಹೋಗಬೇಕು ಎನ್ನುತ್ತಾರೆ. ಆದರೆ ಆರು ಇದ್ದದ್ದು ನಾಲ್ಕಕ್ಕೆ ಇಳಿಯಿತೋ, ಆರರಲ್ಲೇ ನಿಂತಿತೋ ಎಂಬುದರ ಮೇಲೆ ಮುಂದಿನ ದಾರಿ ನಿಂತಿದೆ. ಆಳ ಇಳಿಯದ ಕಡೆ ಮತ್ತೊಮ್ಮೆ ಕ್ಲೀನಿಂಗ್ ಅಥವಾ ಒಸಡನ್ನು ಬಿಡಿಸಿ ಮಾಡುವ ಫ್ಲ್ಯಾಪ್ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಚೆನ್ನಾಗಿ ಇಳಿದವರೂ ಮೂರರಿಂದ ಆರು ತಿಂಗಳಿಗೊಮ್ಮೆ ಹೋಗುತ್ತಿರಬೇಕು, ಹಲ್ಲುಗಳ ನಡುವಿನ ಸಣ್ಣ ಬ್ರಷ್ಷನ್ನು ದಿನವೂ ಬಳಸಬೇಕು. ಕರಗಿದ ಎಲುಬು ಬಹುಮಟ್ಟಿಗೆ ಮರಳಿ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು.

ಸಕ್ಕರೆ ಕಾಯಿಲೆಯವರಿಗೆ ಈ ಮಾತು ಇನ್ನೂ ಮುಖ್ಯ. ಸಕ್ಕರೆ ಹತೋಟಿ ತಪ್ಪಿದರೆ ಒಸಡು ಬೇಗ ಕೆಡುತ್ತದೆ. ಒಸಡಿಗೆ ಚಿಕಿತ್ಸೆ ಕೊಟ್ಟರೆ, ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಮಟ್ಟ ತೋರಿಸುವ ಎಚ್‌ಬಿಎ1ಸಿ ಮೂರು ನಾಲ್ಕು ತಿಂಗಳಲ್ಲಿ ಸರಾಸರಿ ಶೇಕಡಾ 0.43 ಅಂಶದಷ್ಟು ಇಳಿಯುತ್ತದೆ ಎಂದು, ಹಲವು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ 2022ರ ಕಾಕ್ರೇನ್ ವಿಮರ್ಶೆ ಕಂಡುಕೊಂಡಿದೆ. ನಮ್ಮ ರಾಜ್ಯದಲ್ಲಿ ಬಿಪಿಎಲ್ ಕುಟುಂಬಗಳ ಹಲ್ಲಿಲ್ಲದ ಹಿರಿಯರಿಗೆ ಉಚಿತವಾಗಿ ದಂತಪಂಕ್ತಿ ಕೊಡುವ ದಂತಭಾಗ್ಯ ಯೋಜನೆ ಬಂತು, ಅದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಅದೇ ಕಾಳಜಿ ಹಲ್ಲು ಬೀಳುವ ಮುನ್ನವೂ ಸಿಗಬೇಕು. ಸರ್ಕಾರಿ ಆಸ್ಪತ್ರೆಗಳ ಎನ್‌ಸಿಡಿ (ಅಸಾಂಕ್ರಾಮಿಕ ರೋಗಗಳ) ಕ್ಲಿನಿಕ್ಕಿಗೆ ಸಕ್ಕರೆ, ಬಿಪಿ ತೋರಿಸಲು ಬರುವವರನ್ನು ಅದೇ ದಿನ ಅಲ್ಲಿನ ದಂತವಿಭಾಗಕ್ಕೆ ಕಳಿಸಿ, ಒಸಡನ್ನು ಅಳೆಸಿ, ಆ ಅಂಕಿಗಳನ್ನೂ ಅವರ ಚೀಟಿಯಲ್ಲಿ ಬರೆಸುವ ವ್ಯವಸ್ಥೆ ಆಗಬೇಕೆಂದು ಆರೋಗ್ಯ ಇಲಾಖೆಯನ್ನು ಕೇಳಿಕೊಳ್ಳುತ್ತೇನೆ.