ಕೆನಡಾಗೆ ಕರೆಸಿಕೊಳ್ಳಲು ಒಂದು ವರ್ಷದ ಪ್ರೀತಿ ಸಾಲದು

‘ಒಂದು ವರ್ಷದಿಂದ ಸಂಬಂಧದಲ್ಲಿದ್ದರೆ ಸಾಕು, ಮದುವೆಯಾಗದಿದ್ದರೂ ಸಂಗಾತಿಯನ್ನು ಕೆನಡಾಗೆ ಕರೆಸಿಕೊಳ್ಳಬಹುದು’ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅರ್ಧ ಸತ್ಯ ಸ್ವಾಮಿ. ಕಾಮನ್ ಲಾ ಪಾರ್ಟ್ನರ್, ಅಂದರೆ ಮದುವೆಯಾಗದೆಯೂ ದಂಪತಿಯಂತೆ ಬಾಳುವ ಸಂಗಾತಿ, ಅನ್ನಿಸಿಕೊಳ್ಳಬೇಕಾದರೆ 12 ತಿಂಗಳು ಸತತವಾಗಿ ಒಂದೇ ಮನೆಯಲ್ಲಿ ಬದುಕಿರಬೇಕು. ನಡುವೆ ಕೆಲಸಕ್ಕೋ ಊರಿನ ಮದುವೆಗೋ ನಾಲ್ಕು ದಿನ ಹೋಗಿಬಂದರೆ ಅಡ್ಡಿಯಿಲ್ಲ. ದಿನಾ ವಿಡಿಯೋ ಕಾಲ್ ಮಾಡಿದ್ದು ಮಾತ್ರ ಜೊತೆಗಿದ್ದ ಲೆಕ್ಕಕ್ಕೆ ಬರಲ್ಲ.

ಬೆಂಗಳೂರಿನಲ್ಲಿ ಮದುವೆಯಾಗದ ಜೋಡಿಗೆ ಮನೆ ಸಿಗೋದೇ ಕಷ್ಟ, ಎಷ್ಟೋ ಸಲ ಬಾಡಿಗೆ ಕರಾರು ಒಬ್ಬರ ಹೆಸರಲ್ಲೇ ಇರುತ್ತೆ. ಅಂಥವರು ಜೊತೆಗಿದ್ದುದಕ್ಕೆ ಸಾಕ್ಷಿಯಾಗಿ ಜಂಟಿ ಬ್ಯಾಂಕ್ ಖಾತೆ, ಇಬ್ಬರ ಹೆಸರಿಗೂ ಅದೇ ವಿಳಾಸಕ್ಕೆ ಬಂದ ಬಿಲ್ಲು, ವಿಮೆಯ ನಾಮಿನಿ ಕಾಗದ ಇಂಥವನ್ನು ಮೊದಲಿಂದಲೇ ಎತ್ತಿಟ್ಟುಕೊಳ್ಳಬೇಕು.

ಒಟ್ಟಿಗೆ ಇರಲು ಸಾಧ್ಯವೇ ಆಗದವರಿಗೆ ಕಾಂಜುಗಲ್ ಪಾರ್ಟ್ನರ್ ಎಂಬ ಬೇರೆ ದಾರಿ ಇದೆ. ನಿಮ್ಮ ಒಂದು ವರ್ಷದ ಮಾತು ಬಹುಶಃ ಅಲ್ಲಿಂದ ಬಂದದ್ದು. ಆದರೆ ಮದುವೆಗೆ, ಜೊತೆಗಿರಲು ನಿಜವಾದ ಅಡ್ಡಿ ಇತ್ತೆಂದು ತೋರಿಸಬೇಕು. ‘ಅಪ್ಪ ಅಮ್ಮ ಒಪ್ಪಲ್ಲ’ ಅನ್ನೋದು ಸಾಮಾನ್ಯವಾಗಿ ಸಾಲದು. ಸಲಿಂಗ ಜೋಡಿಗಳ ವಿಷಯ ಬೇರೆ, ಭಾರತದ ಸುಪ್ರೀಂ ಕೋರ್ಟ್‌ನ 2023ರ ತೀರ್ಪೂ ಅವರ ಮದುವೆಗೆ ಮಾನ್ಯತೆ ಕೊಡಲಿಲ್ಲ.

ನೀವು ಮುಟ್ಟದೇ ಬಿಟ್ಟ ದೊಡ್ಡ ಅಪಾಯ ಇನ್ನೊಂದಿದೆ. ಮನೆಯವರಿಗೆ ಗೊತ್ತಾಗದಿರಲಿ ಅಂತ ಪಿಆರ್ (ಕೆನಡಾದ ಕಾಯಂ ವಾಸ) ಅರ್ಜಿಯಲ್ಲಿ ‘ಸಿಂಗಲ್’ ಎಂದು ಟಿಕ್ ಹಾಕುವವರಿದ್ದಾರೆ. ಆಗಲೇ ಕಾಮನ್ ಲಾ ಸಂಗಾತಿ ಇದ್ದು ಮುಚ್ಚಿಟ್ಟರೆ, ಮುಂದೆ ಅದೇ ವ್ಯಕ್ತಿಯನ್ನು ಫ್ಯಾಮಿಲಿ ಕ್ಲಾಸ್‌ನಲ್ಲಿ, ಅಂದರೆ ಕುಟುಂಬದವರೆಂದು, ಸ್ಪಾನ್ಸರ್ ಮಾಡಿ ಕರೆಸಿಕೊಳ್ಳೋ ದಾರಿ ಸಾಮಾನ್ಯವಾಗಿ ಮುಚ್ಚಿಹೋಗುತ್ತೆ, ಆಮೇಲೆ ಮದುವೆಯಾದರೂ ಅಷ್ಟೇ. ಸಂಗಾತಿ ಆಗ ಜೊತೆಗೆ ಬರದಿದ್ದರೂ ಅವರ ಹೆಸರು ಬರೆಯಿರಿ, ಅವರಿಗೂ ಮೆಡಿಕಲ್ ತಪಾಸಣೆ ಮಾಡಿಸಿ.