ರೈಲು ಬರುವ ತನಕ ಸೈಕಲ್ ತುಳಿಯಿರಿ

ಅಮೆರಿಕದಲ್ಲಿ ರೈಲು ಮಾರ್ಗ ತನ್ನಷ್ಟಕ್ಕೆ ಸಾಯುವಂತಿಲ್ಲ. ಹಳಿ ತುಕ್ಕು ಹಿಡಿದು ಸ್ಲೀಪರುಗಳ ನಡುವೆ ಮರ ಬೆಳೆದು ನಿಂತಿದ್ದರೂ, ರೈಲುಗಳ ಉಸ್ತುವಾರಿ ನೋಡುವ ಒಕ್ಕೂಟ ಸರ್ಕಾರದ ಮಂಡಳಿ, ಸರ್ಫೇಸ್ ಟ್ರಾನ್ಸ್‌ಪೋರ್ಟೇಶನ್ ಬೋರ್ಡ್, ಒಪ್ಪಿಗೆ ಕೊಡುವವರೆಗೆ ಅದು ಬದುಕಿದೆ ಎಂದೇ ಲೆಕ್ಕ. ಒಪ್ಪಿಗೆ ಸಿಕ್ಕಿತೋ, ಜಾಗಕ್ಕೆ ನೂರೆಂಟು ವಾರಸುದಾರರು. ಅಲ್ಲಿ ಜನ ನಡೆಯಲಿ, ಸೈಕಲ್ ತುಳಿಯಲಿ ಎಂದುಕೊಂಡವರು 1983ರಲ್ಲಿ ಕಾನೂನಿಗೆ ತಿದ್ದುಪಡಿ ತಂದು ಒಂದು ಚಂದದ ಉಪಾಯ ಹೂಡಿದರು: ರೈಲು ಸತ್ತೇ ಇಲ್ಲ ಎಂದುಬಿಡೋಣ! ಮಾರ್ಗವನ್ನು ಬ್ಯಾಂಕಿನಲ್ಲಿಟ್ಟಿದ್ದೇವೆ, ಬೇಕಾದಾಗ ಬಿಡಿಸಿಕೊಳ್ಳುತ್ತೇವೆ, ಅಲ್ಲಿಯವರೆಗೆ ಇದು 'ಮಧ್ಯಂತರ ಬಳಕೆ'. ಇದಕ್ಕೆ ರೈಲ್‌ಬ್ಯಾಂಕಿಂಗ್ ಎಂದು ಹೆಸರು.

ಹೀಗಾಗಿ ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಹೊರಟ ತಾಯಿ ಕಾನೂನಿನ ಕಣ್ಣಿಗೆ ಮಧ್ಯಂತರ ತಾಯಿ. ಗೂಡ್ಸ್ ಗಾಡಿ ಬಂದರೆ ಪಕ್ಕಕ್ಕೆ ಸರಿಯತಕ್ಕದ್ದು. ನ್ಯೂಯಾರ್ಕಿನ ಹೈಲೈನ್ ಕೂಡ ಇದೇ ಖಾತೆಯದು. ಬೀದಿಯ ಮೇಲೆ ಎತ್ತರದಲ್ಲಿ ಹೋಗುವ ಆ ಹಳಿಯಲ್ಲಿ ಕೊನೆಯ ರೈಲು ಓಡಿದ್ದು 1980ರಲ್ಲಿ, ಮೂರು ಬೋಗಿ ಹೆಪ್ಪುಗಟ್ಟಿಸಿದ ಟರ್ಕಿ ಕೋಳಿ ಹೊತ್ತುಕೊಂಡು. ಆಮೇಲೆ ಕೆಳಗಿನ ಜಾಗದ ಮಾಲೀಕರು ಈ ಕಬ್ಬಿಣ ಕೆಡವಿ ಎಂದು ಹಟ ಹಿಡಿದರು. ಮೇಯರ್ ಗಿಯುಲಿಯಾನಿಯವರ ಆಡಳಿತ ಹೋಗುವ ಗಳಿಗೆಯಲ್ಲಿ ಕೆಡವಲು ಒಪ್ಪಿಯೂ ಬಿಟ್ಟಿತ್ತು. ಹೇಗೋ ಉಳಿದುಕೊಂಡು 2009ರಲ್ಲಿ ಉದ್ಯಾನವಾಯಿತು ನೋಡಿ, ಆಮೇಲೆ ಅದರ ಮಗ್ಗುಲಲ್ಲಿ ಎದ್ದ ಫ್ಲ್ಯಾಟುಗಳ ಬೆಲೆ ಕೇಳಬಾರದು. ಆದರೂ ಕಡತದ ಪ್ರಕಾರ ಎಲ್ಲವೂ ತಾತ್ಕಾಲಿಕ. ನಾಳೆ ನಾಲ್ಕನೆಯ ಬೋಗಿ ಟರ್ಕಿ ಬಂದರೆ ಕೋಟ್ಯಧೀಶರು ಕಿಟಕಿ ಮುಚ್ಚಿಕೊಳ್ಳಬೇಕಾದೀತು. ಆ ಕೋಳಿಗಳಿಗೆ ಅಲ್ಲೊಂದು ಪ್ರತಿಮೆ ಬೇಕಿತ್ತು ಎಂಬುದು ನನ್ನ ಸ್ವಂತ ಅಭಿಪ್ರಾಯ.

ಹಳ್ಳಿಗಾಡಿನ ಕಥೆ ಬೇರೆ. ದಶಕಗಟ್ಟಲೆ ಗೂಡ್ಸ್ ಗಾಡಿ ಮನೆ ನಡುಗಿಸಿಕೊಂಡು ಹೋದಾಗ ಗೊರಕೆ ಹೊಡೆದವರಿಗೆ ಸೈಕಲ್ ಬೆಲ್ಲಿನಿಂದ ನಿದ್ರಾಭಂಗ. ಸೈಕಲ್ ದಾರಿಯಾದರೆ ಕಳ್ಳರು ಬರುತ್ತಾರಂತೆ. ಟಿವಿಯನ್ನು ಹ್ಯಾಂಡಲ್‌ಗೆ ನೇತುಹಾಕಿಕೊಂಡು ಹತ್ತು ಮೈಲಿ ಪೆಡಲ್ ತುಳಿಯುವ ಕಳ್ಳ ಸಿಕ್ಕರೆ ಹಿಡಿಯಬೇಡಿ, ಒಲಿಂಪಿಕ್ಸಿಗೆ ಕಳಿಸಿ.

ಸರ್ಕಾರದ ಜಾಣತನವನ್ನಂತೂ ಎಷ್ಟು ಹೊಗಳಿದರೂ ಸಾಲದು. 1875ರ ಕಾಯಿದೆಯಡಿ ರೈಲು ಕಂಪನಿಗಳಿಗೆ ಸರ್ಕಾರಿ ಭೂಮಿಯಲ್ಲಿ ದಾರಿ ಸಿಕ್ಕಿತ್ತು. ಮುಂದೆ ಆ ದಾರಿಯ ಅಡಿಯಲ್ಲಿ ಎಣ್ಣೆಯ ವಾಸನೆ ಹೊಡೆಯಿತು. ಸರ್ಕಾರ 1942ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ, 'ಕಂಪನಿಗೆ ಕೊಟ್ಟಿದ್ದು ಹಾದುಹೋಗುವ ಹಕ್ಕು ಮಾತ್ರ ಸ್ವಾಮೀ, ನೆಲವಲ್ಲ' ಎಂದು ವಾದಿಸಿ ಗೆದ್ದಿತು. ವ್ಯೋಮಿಂಗಿನಲ್ಲಿ ಅಂಥದೇ ಒಂದು ಮಾರ್ಗ ನಿಂತುಹೋದಾಗ ಸರ್ಕಾರಕ್ಕೆ ಆ ಜಾಗ ತನಗೇ ವಾಪಸ್ ಬರಬೇಕು ಅನ್ನಿಸಿತು. ಸುತ್ತಲ ಜಮೀನನ್ನು ಬ್ರ್ಯಾಂಟ್ ಕುಟುಂಬಕ್ಕೆ 1976ರಲ್ಲಿ ಬರೆದುಕೊಟ್ಟದ್ದೂ ಇದೇ ಸರ್ಕಾರ. 'ಬರೀ ಹಾದುಹೋಗುವ ಹಕ್ಕೇ? ಛೇ, ಅದಕ್ಕಿಂತ ಹೆಚ್ಚಿನದನ್ನೇ ಕೊಟ್ಟಿದ್ದೆವು, ರೈಲು ಹೋದ ಮೇಲೆ ಅದು ನಮಗೇ' ಎಂದು ಮತ್ತದೇ ಕೋರ್ಟಿನ ಮುಂದೆ ನಿಂತಿತು. 2014ರಲ್ಲಿ ಎಂಟು ನ್ಯಾಯಮೂರ್ತಿಗಳು ಬ್ರ್ಯಾಂಟ್ ಕಡೆ, ಸೊಟೊಮೇಯರ್ ಒಬ್ಬರೇ ಸರ್ಕಾರದ ಕಡೆ. ಎಪ್ಪತ್ತು ವರ್ಷದ ಹಿಂದೆ ತದ್ವಿರುದ್ಧ ವಾದಿಸಿ ಗೆದ್ದಿದ್ದೇ ಇಂದು ಸೋಲಲು ಬಹುಮಟ್ಟಿಗೆ ಕಾರಣ ಎಂದು ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಬರೆದರು. ತನ್ನ ಹಳೇ ವಕೀಲನ ಕೈಯಲ್ಲೇ ಸೋಲುವ ಭಾಗ್ಯ ಎಲ್ಲ ಕಕ್ಷಿದಾರರಿಗೂ ಒದಗುವುದಿಲ್ಲ.

ಜಮೀನುದಾರನನ್ನೇ ದೂರಿ ಪ್ರಯೋಜನವಿಲ್ಲ. ನಮ್ಮಜ್ಜ ಜಾಗ ಬಿಟ್ಟಿದ್ದು ರೈಲಿಗೆ, ಸೈಕಲ್ಲಿಗಲ್ಲ ಅನ್ನುವ ಅವನ ಮಾತಿನಲ್ಲಿ ನ್ಯಾಯವಿದೆ. ರೈಲ್‌ಬ್ಯಾಂಕಿಂಗ್ ಸರಿಯಾದದ್ದೇ ಎಂದು 1990ರಲ್ಲಿ ಹೇಳಿದ ಸುಪ್ರೀಂ ಕೋರ್ಟು ಪರಿಹಾರ ಕೇಳುವ ಬಾಗಿಲನ್ನು ಮುಚ್ಚಲಿಲ್ಲ. ಅಂದಿನಿಂದ ದಾವೆಗಳ ಮೇಲೆ ದಾವೆ. ಮಾಲೀಕ ಗೆದ್ದರೆ ಅವನ ವಕೀಲರ ಶುಲ್ಕವೂ ಸರ್ಕಾರದ ತಲೆಗೇ.

ಇಲ್ಲಿಗೆ ಬಂದಾಗ ನನಗೆ ನಗು ಬರುವುದಿಲ್ಲ. 1850ರಿಂದ 1871ರವರೆಗೆ ಇದೇ ಒಕ್ಕೂಟ ಸರ್ಕಾರ ರೈಲುಗಳ ಹೆಸರಿನಲ್ಲಿ ಸುಮಾರು 13 ಕೋಟಿ ಎಕರೆ ಧಾರೆ ಎರೆಯಿತು. ಅದೂ ಮೂಲನಿವಾಸಿಗಳ ಕಾಲಡಿಯಿಂದ ಎಳೆದುಕೊಂಡ ನೆಲ. ಅವರ ಪರಿಹಾರದ ಕಡತಕ್ಕೆ ಇಷ್ಟು ಆತುರ ಯಾರೂ ತೋರಿಸಲಿಲ್ಲ. ಕಂಪನಿಗಳು ದುಡಿಸಿಕೊಳ್ಳುವಷ್ಟು ದುಡಿಸಿಕೊಂಡವು, ಲಾಭ ನಿಂತ ದಿನ ಊರುಗಳನ್ನು ಬಿಟ್ಟು ಹೊರಟವು. ಬಸ್ಸೂ ಇಲ್ಲದ ಆ ಊರಿನವರು ಉಳಿದ ಜಾಗದಲ್ಲಿ ಸುಮ್ಮನೆ ನಡೆದಾಡುತ್ತೇವೆ ಅಂದರೆ ಕಂಪನಿಗೆ ಖರೀದಿ ಬೆಲೆ, ಪಕ್ಕದ ಜಮೀನಿಗೆ ಪರಿಹಾರ, ವಕೀಲರಿಗೆ ಶುಲ್ಕ, ಜಲ್ಲಿ ಹಾಸಿ ಸೇತುವೆ ರಿಪೇರಿ ಮಾಡಲು ಮತ್ತೊಂದಿಷ್ಟು. ಎಲ್ಲದಕ್ಕೂ ಕೈ ಹಾಕುವುದು ಅವರದೇ ಜೇಬಿಗೆ. ಇಷ್ಟೆಲ್ಲ ಕೊಟ್ಟ ಮೇಲೂ ಅವರಿಗೆ ಸಿಗುವುದು ಮಧ್ಯಂತರ ಬಳಕೆ.