ಆಟಕ್ಕುಂಟು, ಲೆಕ್ಕಕ್ಕಿಲ್ಲ

ಪುಣೆಯಲ್ಲಿ ಜ್ವರ ಬರಲು ಒಂದು ಸೊಳ್ಳೆ ಸಾಕು. ಡೆಂಗ್ಯೂ ಬರಬೇಕಾದರೆ ಮಾತ್ರ ಕಾಗದಪತ್ರವೂ ಸರಿಯಾಗಿರಬೇಕು.

ನಮ್ಮ ರಸ್ತೆಯ ಹೋಟೆಲಿನ ಶೆಟ್ಟರನ್ನೇ ತಗೊಳ್ಳಿ. ಮಳೆಗಾಲ ಮುಗಿಯುವ ಹೊತ್ತಿಗೆ ಮಲಗಿದರು. ಗಂಟುಗಂಟೂ ನೋವು, ಕಣ್ಣಿನ ಹಿಂದೆ ನೋವು, ಮೈಮೇಲೆ ದದ್ದು. ನರ್ಸಿಂಗ್ ಹೋಮಿನಲ್ಲಿ ಕಾರ್ಡ್ ಟೆಸ್ಟ್ ಮಾಡಿದರು. ಚಹಾ ಕುಡಿದು ಮುಗಿಸುವಷ್ಟರಲ್ಲಿ ಎರಡು ಗೆರೆ ಮೂಡಿತು, ಎನ್‌ಎಸ್ 1 ಪಾಸಿಟಿವ್, ಅಂದರೆ ರಕ್ತದಲ್ಲಿ ಡೆಂಗ್ಯೂ ವೈರಾಣುವಿನ ಪ್ರೋಟೀನು ಸಿಕ್ಕಿತು. ಪ್ಲೇಟ್‌ಲೆಟ್ 30 ಸಾವಿರಕ್ಕೆ ಇಳಿಯಿತು, ಬಿಲ್ಲು ಅಷ್ಟೇ ವೇಗದಲ್ಲಿ ಏರಿತು. ಬಿಲ್ಲಿನ ಮೇಲೆ ಡೆಂಗ್ಯೂ ಅಂತ ದಪ್ಪಕ್ಷರದಲ್ಲೇ ಇತ್ತು. ಒಂದು ರೂಪಾಯಿ ಬಿಚ್ಚಲು ಹತ್ತು ಪ್ರಶ್ನೆ ಕೇಳುವ ಇನ್ಶೂರೆನ್ಸ್‌ನವರೂ ಹೌದಪ್ಪ, ಡೆಂಗ್ಯೂನೇ ಅಂತ ಒಪ್ಪಿದರು. ಸರಕಾರದ ಪಟ್ಟಿ ಒಪ್ಪಲಿಲ್ಲ. ಅಲ್ಲಿ ಶೆಟ್ಟರು ಇವತ್ತಿಗೂ ‘ಶಂಕಿತ’.

“ಎಂತ ಮಾರಾಯ್ರೆ, ಇಷ್ಟು ಖರ್ಚು ಮಾಡಿದ್ರೂ ನಂಗೆ ಬಂದದ್ದು ಡೆಂಗ್ಯೂ ಅಲ್ವಂತೆ!”

ನಿಯಮ ಮಾಡಿದವರು ದಡ್ಡರೇನಲ್ಲ. ಕಾರ್ಡ್ ಟೆಸ್ಟ್ ಆಗಾಗ ಸುಳ್ಳು ಹೇಳುತ್ತದೆ. ಅದಕ್ಕೇ ಲ್ಯಾಬಿನಲ್ಲಿ ಮಾಡುವ ಎಲೈಸಾ ರಕ್ತಪರೀಕ್ಷೆ ಆದರೆ ಮಾತ್ರ ‘ಖಚಿತ’. ಜ್ವರದ ಮೊದಲ ಐದು ದಿನದಲ್ಲಾದರೆ ಎನ್‌ಎಸ್ 1 ಎಲೈಸಾ, ಆಮೇಲಾದರೆ ವೈರಾಣುವಿಗೆ ಎದುರಾಗಿ ಮೈ ತಯಾರಿಸುವ ಪ್ರತಿಕಾಯ ಹುಡುಕುವ ಐಜಿಎಂ ಎಲೈಸಾ. ಈ ಕೆಲಸಕ್ಕೆಂದೇ ದೇಶದ ತುಂಬ ಸೆಂಟಿನೆಲ್ ಆಸ್ಪತ್ರೆಗಳಿವೆ, ಅಂದರೆ ರೋಗದ ಮೇಲೆ ಕಣ್ಣಿಡುವ ಆಸ್ಪತ್ರೆಗಳು. ಅವುಗಳಿಗೆ ಐಜಿಎಂ ಕಿಟ್ ಎಲ್ಲಿಂದ ಹೋಗುತ್ತದೆ ಅಂತೀರಿ? ಇದೇ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಿಂದ. 1952ರಿಂದ ಇದೇ ಊರಲ್ಲಿದೆ. ಪುಣೆಯ ಕಿಟ್ಟು ದೇಶದ ಮೂಲೆಮೂಲೆಗೆ ತಲುಪುತ್ತದೆ. ಪುಣೆಯ ಶೆಟ್ಟರ ರಕ್ತ ಮಾತ್ರ ನರ್ಸಿಂಗ್ ಹೋಮಿನ ಫ್ರಿಜ್ಜು ದಾಟಲಿಲ್ಲ. ಆರೋಗ್ಯ ಕಚೇರಿಯವರು ಬಂದು ಒಯ್ಯಲಿ ಅಂತ ಇವರು, ಇವರೇ ಕಳಿಸಲಿ ಅಂತ ಅವರು.

ಕಳಿಸಿದ್ದರೂ ಅವಸರ ಏನೂ ಇರುತ್ತಿರಲಿಲ್ಲ ಬಿಡಿ. ಎಲೈಸಾ ತಟ್ಟೆಯಲ್ಲಿ 96 ಪುಟ್ಟ ಗುಳಿಗಳಿರುತ್ತವೆ. ಒಬ್ಬರ ಒಂದು ಹನಿಗೆ ಅಷ್ಟು ದೊಡ್ಡ ತಟ್ಟೆ ತೆರೆಯುವುದು ಲ್ಯಾಬಿನವರಿಗೆ ಜೀವಕ್ಕೆ ಬರುತ್ತದೆ. ಇನ್ನೊಂದಿಷ್ಟು ಸ್ಯಾಂಪಲ್ ಕೂಡಲಿ ಅಂತ ಕಾಯುತ್ತಾರೆ. ನಮ್ಮ ವಿಜಯಪುರದ ಟಂಟಂ ನೋಡಿದವರಿಗೆ ಇದು ಹೊಸದಲ್ಲ, ಸೀಟು ತುಂಬದೆ ಗಾಡಿ ಹೊರಡದು. ಹಾಗಾಗಿ ನೀವು ಬೇಗ ‘ಖಚಿತ’ ಆಗಬೇಕಾದರೆ ಅಕ್ಕಪಕ್ಕದವರೂ ಸ್ವಲ್ಪ ಮನಸ್ಸು ಮಾಡಿ ಜ್ವರ ತರಿಸಿಕೊಳ್ಳಬೇಕು.

ಸೊಳ್ಳೆಗೆ ಈ ಯಾವ ತಾಪತ್ರಯವೂ ಇಲ್ಲ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆವರೆಗೆ ವಾರ ಹತ್ತು ದಿನದಲ್ಲಿ ಮುಗಿಸುತ್ತದೆ. ರಿಪೋರ್ಟಿಗೆ ಸಹಿ ಬೀಳುವಷ್ಟರಲ್ಲಿ ಅದರ ಮಕ್ಕಳು ಕೆಲಸಕ್ಕೆ ಹತ್ತಿರುತ್ತವೆ.

ಹುಡುಕಿದರೆ ಸಿಗುವುದಿಲ್ಲ ಅಂತಲ್ಲ. 2021ರ ಜುಲೈಯಲ್ಲಿ ಪುಣೆ ಜಿಲ್ಲೆಯ ಬೇಲ್ಸರ್ ಅನ್ನೋ ಹಳ್ಳಿಯಲ್ಲಿ ಜ್ವರ ಜಾಸ್ತಿಯಾಯಿತು. ವೈರಾಣು ಸಂಸ್ಥೆಯವರೇ ಹೋಗಿ ರಕ್ತ ತಂದರು. ಚಿಕುನ್‌ಗುನ್ಯಾ ಸಿಕ್ಕಿತು, ಡೆಂಗ್ಯೂ ಸಿಕ್ಕಿತು, ಜೊತೆಗೆ ಮಹಾರಾಷ್ಟ್ರದ ಮೊದಲ ಝೀಕಾ ಕೂಡ ಸಿಕ್ಕಿತು. ಹೋಗಿ ನೋಡಿದರೆ ಇದೇ ತೊಂದರೆ, ಕೇಳದೇ ಇದ್ದದ್ದೂ ಸಿಗುತ್ತದೆ. ಕಚೇರಿಯಲ್ಲೇ ಕೂತರೆ ಅಂಕಿ ಹದ್ದುಬಸ್ತಿನಲ್ಲಿರುತ್ತದೆ.

ಪಕ್ಕದ ರಸ್ತೆಯಲ್ಲಿ ಒಬ್ಬರು ‘ಖಚಿತ’ರಾದರು. ಸಂಜೆ ಅಲ್ಲಿಗೆ ಹೊಗೆ ಯಂತ್ರ ಬಂತು. ಈಡಿಸ್ ಕಚ್ಚುವುದು ಹಗಲಲ್ಲಿ, ಹೊಗೆಗೆ ಸಾಯುವುದು ಹಾರಾಡುವ ಸೊಳ್ಳೆ ಮಾತ್ರ, ನೀರಿನ ಮರಿಗೆ ಅದು ತಾಗುವುದೇ ಇಲ್ಲ. ಇರಲಿ, ಹುಡುಗರಿಗೆ ಖುಷಿಯಾಯಿತು. ನಮ್ಮ ರಸ್ತೆಗೂ ಒಮ್ಮೆ ಬಂದು ಹೋಗಲಿ ಅಂತ ಶೆಟ್ಟರು ಕಚೇರಿಗೆ ಹೋದರು. ಗುಮಾಸ್ತ ರಿಜಿಸ್ಟರ್ ತೆರೆದು, ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿದ.

“ಅಣ್ಣಾ, ನಿಮ್ಮ ರಸ್ತೆಯಲ್ಲಿ ಒಂದೂ ಕೇಸಿಲ್ಲ.”

“ನಾನೇ ಕೇಸು ಮಾರಾಯ್ರೆ!”

“ನೀವು ಶಂಕಿತ. ಶಂಕಿತರಿಗೆ ಹೊಗೆ ಬರಲ್ಲ.”

ಆದರೆ ಅರ್ಜಿ ಕೊಟ್ಟದ್ದು ಪೂರ್ತಿ ದಂಡವಾಗಲಿಲ್ಲ. ಮರುದಿನ ಇಬ್ಬರು ಟಾರ್ಚ್ ಹಿಡಿದು ಬಂದರು. ಹೋಟೆಲಿನ ಹಿತ್ತಲಲ್ಲಿ ಪಾತ್ರೆ ತೊಳೆಯುವ ನೀರಿನ ನೀಲಿ ಡ್ರಮ್ಮು. ಮುಚ್ಚಳ ಸರಿಸಿ ಬೆಳಕು ಬಿಟ್ಟರು. ನಾಲ್ಕೈದು ಮರಿಗಳು ಕೊಂಕುತ್ತ ತಳಕ್ಕಿಳಿದವು. ಇದಕ್ಕೆ ಎಲೈಸಾ ಬೇಕಾಗಲಿಲ್ಲ, ತಟ್ಟೆ ತುಂಬಬೇಕಾಗಲಿಲ್ಲ. ನಿಂತಲ್ಲೇ ಖಚಿತ ಮಾಡಿ, 500 ರೂಪಾಯಿ ರಸೀದಿ ಹರಿದು ಶೆಟ್ಟರ ಕೈಗೆ ಕೊಟ್ಟರು.